‘ನಾನು’ ಎನ್ನದ ಪ್ರತಿನಿಧಿ
ಮಗಳು ಸೊರಗುತ್ತಿದ್ದಾಳೆಂಬ ಚಿಂತೆ ಕೇಲಾಳನ್ನು ಬಿಡುತ್ತಲೇ ಇರಲಿಲ್ಲ. ಒಂಬತ್ತನೇ ತರಗತಿಯ ಟೆಸ್ಸಾ ಶಾಲೆಯ ಮಕ್ಕಳು ಒಂದೊಂದು ದೇಶವಾಗಿ ಚರ್ಚಿಸುವ ಅಣಕು ವಿಶ್ವಸಂಸ್ಥೆಯಲ್ಲಿ ನಾರ್ವೆಯ ಪ್ರತಿನಿಧಿ. ಅಲ್ಲಿ ದೇಶದ ಹೆಸರಲ್ಲೇ ಮಾತಾಡಬೇಕು, ‘ನಾನು’ ಎನ್ನುವಂತಿಲ್ಲವೆಂದು ಮನೆಯಲ್ಲೂ ಎನ್ನಳು. ಹಲ್ಲುಜ್ಜುವಾಗಲೂ ಕಪ್ಪು ಕೋಟು, ಬೆಕ್ಕಿಗೂ “ಮಾನ್ಯ ಅಧ್ಯಕ್ಷರೇ”. “ತಿನ್ನೇ, ಪಾಸ್ತಾ ಆರಿಹೋಗ್ತಿದೆ” ಎಂದರೆ, “ನಾರ್ವೆ ಈ ಪ್ರಸ್ತಾವವನ್ನ ತಿರಸ್ಕರಿಸುತ್ತೆ, ಮಮ್ಮಿ.” “ನಿನ್ನ ನಾರ್ವೆಗೆ ಎರಡು ಬಾರಿಸ್ತೀನಿ ನೋಡು!” ಇಬ್ಬರೂ ನಗುತ್ತಿದ್ದರು, ತಟ್ಟೆ ಹಾಗೇ ಉಳಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಬಿಗಿಯಾಗಿದ್ದ ಕೋಟಿಗೆ ಫೆಬ್ರವರಿಯಲ್ಲಿ ಪಿನ್ನು ಬೇಕಾಯಿತು. ಜಗತ್ತಿನ ಹಸಿವಿನ ಬಗ್ಗೆ ನಾರ್ವೆಯ ನಿಲುವು ಬರೆದು ಟೆಸ್ಸಾ ತಿದ್ದಲು ಕೊಟ್ಟಾಗ, ಕೇಲಾ ಎಂದಿನಂತೆ ತಪ್ಪಿ ನುಸುಳಿದ ‘ನಾನು’ಗಳನ್ನು ಹುಡುಕಿದಳು. ಕೊನೆಯ ಪುಟದಲ್ಲಿ ಒಂದೇ ಒಂದು ಸಿಕ್ಕಿತು: “ಊಟದ ತಟ್ಟೆ ಕಂಡರೆ ನಾನು ಹೆದರುತ್ತೇನೆ.” ಅದನ್ನು ಹೊಡೆದುಹಾಕಲು ಕೈ ಬರಲಿಲ್ಲ. ಕೆಂಪು ಪೆನ್ನು ಕೆಳಗಿಟ್ಟು, ತಿಂಗಳಿಂದ ಮುಂದೂಡಿದ್ದ ಫೋನನ್ನು ಡಾಕ್ಟರಿಗೆ ಮಾಡಿಯೇಬಿಟ್ಟಳು.