ಓಣಂಗೆ ಕೊಟ್ಟ ಯೂರಿಯಾ

ತೊಂಬತ್ತರ ದಶಕದಲ್ಲಿ ನಾನು ಕೊಚ್ಚಿಯ ಹತ್ತಿರ ಏಲೂರಿನ ಗೊಬ್ಬರದ ಕಾರ್ಖಾನೆಯೊಂದರಲ್ಲಿದ್ದೆ. ಓಣಂ ಬಂದರೆ ಜನ ಬೇಕಾದವರಿಗೆ ಬಾಳೆಗೊನೆಯೋ ಹೊಸ ಮುಂಡು ಪಂಚೆಯೋ ಕೊಡುತ್ತಿದ್ದರು. ನಾನು ಯೂರಿಯಾ ಕೊಡುತ್ತಿದ್ದೆ. ನೌಕರರಿಗೆ ಸಿಗುತ್ತಿದ್ದ ಮೂಟೆಯನ್ನು ಆಟೋದಲ್ಲಿ ಹೇರಿಕೊಂಡು ಹೊಳೆಯಾಚೆ ಚೇಚಿಯ ತೋಟಕ್ಕೆ ಒಯ್ಯುವಾಗ ನನ್ನ ಗತ್ತೇ ಬೇರೆ.

ಚೇಚಿ ಎಂದರೆ ಅಕ್ಕ; ನಮಗೆ ತೆಂಗಿನಕಾಯಿ ಕೊಡುತ್ತಿದ್ದ ಹಿರಿಯ ಹೆಂಗಸು. ಹೋದಾಗಲೆಲ್ಲ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿ ಹಾಲು ಹಾಕದ ಕಟ್ಟನ್ ಚಾಯ ಕೊಡುತ್ತಿದ್ದರು. ಕುಡಿಯುತ್ತಾ ನಾನು, ತೋಟದ ಮೂಲೆಯಲ್ಲಿ ನಾಗನಿಗೆಂದು ಬಿಟ್ಟ ಕಾಡು ದಂಡ, ಕಡಿಸಿ ಎಂದು ಪುಕ್ಕಟೆ ಸಲಹೆಯನ್ನೂ ಕೊಡುತ್ತಿದ್ದೆ.

ನಾಲ್ಕನೆಯ ಮೂಟೆ ಕೊಟ್ಟ ವರ್ಷ, ರಾಸಾಯನಿಕ ಹಾಕದ ತೋಟಗಳಿಗೆ ಪ್ರಮಾಣಪತ್ರ ಕೊಡುವವರು ಬಂದರು. ಅದು ಸಿಕ್ಕರೆ ಕಾಳುಮೆಣಸು ಒಳ್ಳೆಯ ಬೆಲೆಗೆ ಹಡಗು ಹತ್ತುತ್ತಿತ್ತು. ಸಿಗದಿದ್ದರೆ ಅರ್ಧ ತೋಟ ಸೈಟಿನವರ ಪಾಲು ಎಂದು ಚೇಚಿಯ ಮಕ್ಕಳು ಆಗಲೇ ತೀರ್ಮಾನಿಸಿದ್ದರು.

ತಪಾಸಣೆಯ ಅಧಿಕಾರಿ ಉತ್ತರದ ಕಡೆಯವನು, ಮಲಯಾಳಂ ಬಾರದು. ಇಂಗ್ಲಿಷ್ ಬಲ್ಲವನೆಂದು ಚೇಚಿ ಕರೆಸಿದ್ದು ನನ್ನನ್ನೇ. ನಾಗನ ಕಾಡು ಕಂಡು ಅವನು ಮೆಚ್ಚಿ ಬರೆದುಕೊಂಡ. ನಾನು ತಲೆಯಾಡಿಸಿದೆ, ನನ್ನದೇ ಯೋಜನೆ ಎಂಬಂತೆ. ಆಮೇಲೆ ಕೇಳಿದ: "ಮೂರು ವರ್ಷದಲ್ಲಿ ರಾಸಾಯನಿಕ ಗೊಬ್ಬರ ಈ ತೋಟಕ್ಕೆ ಬಂದಿದೆಯೇ?"

ತಂದವನು ನಾನೇ. ಸುಳ್ಳು ಹೇಳಲು ಸಿದ್ಧನಾಗಿಯೇ ಪ್ರಶ್ನೆಯನ್ನು ಚೇಚಿಗೆ ತಿಳಿಸಿದೆ.

"ಬಂದಿದೆ ಅಂತಲೇ ಹೇಳಿ ಸಾರೇ," ಎಂದ ಚೇಚಿ, ನಾನು ಬಂದಾಗಲೆಲ್ಲ ಕೂರುತ್ತಿದ್ದ ಕಟ್ಟೆಯ ಚಾಪೆ ಎತ್ತಿದರು.

ಕೆಳಗೆ ಕಟ್ಟೆಯಿರಲಿಲ್ಲ, ನಾನು ಕೊಟ್ಟ ನಾಲ್ಕು ಮೂಟೆಗಳು. ಹೊಲಿಗೆ ಬಿಚ್ಚಿರಲಿಲ್ಲ. ಒಳಗಿನದು ಗಟ್ಟಿಯಾಗಿ ಕಲ್ಲಾಗಿತ್ತು.

"ಬೇಡ ಅಂತ ಒಂದು ಮಾತು ಹೇಳಬಾರದಿತ್ತೇ?" ಎಂದೆ.

"ಹಬ್ಬದ ದಿನ ಅಷ್ಟು ಪ್ರೀತಿಯಿಂದ ತರುತ್ತಿದ್ದಿರಿ. ಹೇಗೆ ಹೇಳಲಿ?"

ಅಧಿಕಾರಿ ನಾಲ್ಕೂ ಹೊಲಿಗೆಗಳನ್ನು ಬಗ್ಗಿ ನೋಡಿದ. ಮೂಟೆಗಳು ಇವತ್ತೇ ತೋಟದಿಂದ ಆಚೆ ಹೋಗಬೇಕು ಎಂಬ ಷರತ್ತು ಹಾಕಿ ಪ್ರಮಾಣಪತ್ರಕ್ಕೆ ಶಿಫಾರಸು ಬರೆದ. ನಾನು ಮತ್ತೆ ಆಟೋ ಕರೆದೆ.

ಒಂದು ತುಳಸಿ ಗಿಡವೂ ಇಲ್ಲದ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ನಾಲ್ಕು ಮೂಟೆ ಯೂರಿಯಾ ಕಂಡು ನನ್ನ ಹೆಂಡತಿ, "ಯಾರು ಕೊಟ್ರು ರೀ ಇದನ್ನ?" ಎಂದಳು. ಯಾರೆಂದು ಹೇಳಲಿ?

ಮುಂದಿನ ಓಣಂಗೆ ಚೇಚಿ ಒಂದು ಪೊಟ್ಟಣ ಮೆಣಸು ಹಿಡಿದು ಬಂದರು. ನಾನು ಮೂಟೆಗಳ ಮೇಲೆ ಚಾಪೆ ಹಾಸಿದೆ. ಚೇಚಿ ಅದರ ಮೇಲೆಯೇ ಕೂತು ಚಹಾ ಕುಡಿದರು.