ಅತ್ತೆ ದೇವರಿಗೆ ಹೇಳಿದ್ದು

ನಮ್ಮ ಅತ್ತೆ ರಾಹೇಲವ್ವ ಹದಿನಾರು ವರ್ಷದಲ್ಲಿ ನನ್ನ ಮುಖಕ್ಕೆ ಒಂದು ಬಿರುಸು ಮಾತು ಆಡಿದವರಲ್ಲ. ನನ್ನ ಬಗ್ಗೆ ಏನಾದರೂ ಹೇಳುವುದಿದ್ದರೆ ದೇವರಿಗೆ ಹೇಳುತ್ತಿದ್ದರು. ಅದೂ ಗಟ್ಟಿಯಾಗಿ, ಮನೆಮಂದಿಯೆಲ್ಲ ಮೊಣಕಾಲೂರಿ ಕಣ್ಣು ಮುಚ್ಚಿದ ಮೇಲೆ. ಬೈದರೆ ತಿರುಗಿ ಬೈಯಬಹುದು. ಪ್ರಾರ್ಥನೆಗೆ ಏನೆಂದು ಎದುರಾಡುವುದು? ಎಲ್ಲ ಕೇಳಿಸಿಕೊಂಡು ಕಡೆಗೆ ನಾನೂ ‘ಆಮೆನ್’ ಅನ್ನಬೇಕು.

ಬೆಟಗೇರಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು. ಏಳನೆಯ ಇಯತ್ತೆ ಪಾಸಾಗಿದ್ದೆ. ಗಂಡ ಸಾಮುವೇಲ, ಮಾವ ದಾನಿಯೇಲಪ್ಪ, ಇಬ್ಬರೂ ಮಗ್ಗದಲ್ಲಿ ಸೀರೆ ನೇಯುವವರು. ಬನಹಟ್ಟಿಯಲ್ಲಿ ಕ್ರಿಸ್ತರ ಮನೆ ನಮ್ಮದೊಂದೇ, ರಬಕವಿಯಲ್ಲಿ ಇನ್ನೊಂದು. ಚರ್ಚು ಇರಲಿಲ್ಲ. ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಮುಂಜಾನೆ ಮಗ್ಗಕ್ಕೆ ಇಳಿಯುವ ಮೊದಲು ಒಮ್ಮೆ, ಸಂಜೆ ಊಟದ ಮೊದಲು ಒಮ್ಮೆ ನಡೆಯುತ್ತಿದ್ದ ಮನೆಯ ಪ್ರಾರ್ಥನೆಯೇ ನಮಗೆ ಚರ್ಚು. ಅತ್ತೆಯೇ ಅದರ ಪಾದ್ರಿ. ಅವರಿಗೆ ಓದು ಬರುತ್ತಿರಲಿಲ್ಲ. ಬೈಬಲ್ ಓದುವ ಕೆಲಸ ಮೊದಲು ಮಾವನದಾಗಿತ್ತು, ನಾನು ಬಂದ ಮೇಲೆ ನನ್ನದಾಯಿತು. ಪ್ರಾರ್ಥನೆಯನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

“ಪ್ರಾರ್ಥನಾ ಇಲ್ಲದ ಮನಿ ಅಂದ್ರ ಕದಾ ಇಲ್ಲದ ಮನಿ. ನಾಯಿನೂ ಬರತೈತಿ, ನರಿನೂ ಬರತೈತಿ” ಎನ್ನುತ್ತಿದ್ದರು.

ಗಿಡ್ಡ ಮೈ. ಸೆರಗಿಗೆ ಸದಾ ನೂಲಿನ ಎಳೆ ಅಂಟಿರುತ್ತಿತ್ತು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಆ ದನಿಯಲ್ಲಿ ಅವರು ಮೊದಲು ರಾಜರಿಂದ ಶುರು ಮಾಡುತ್ತಿದ್ದರು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಹಾಗಾಗಿ ಮೊದಲು ಜಮಖಂಡಿಯ ರಾಜಾಸಾಹೇಬರು. ರಬಕವಿ ಕೂಗಳತೆಯ ದೂರದಲ್ಲಿದ್ದರೂ ಸಾಂಗಲಿಯವರದು, ಆದ್ದರಿಂದ ಸಾಂಗಲಿಯವರು. ಅತ್ತೆಯ ತವರು ಮುಧೋಳ, ಅಲ್ಲಿನ ರಾಜರನ್ನು ಬಿಡುವ ಹಾಗಿಲ್ಲ. ಅವರ ತಂಗಿಯನ್ನು ಬೀಳಗಿಗೆ ಕೊಟ್ಟಿತ್ತು, ಬೀಳಗಿ ಇಂಗ್ರೇಜಿ ಸರಕಾರದ್ದು, ಅದಕ್ಕೆ ವಿಲಾಯತಿಯ ಚಕ್ರವರ್ತಿಗಳೂ ಬರುತ್ತಿದ್ದರು. ಇಷ್ಟೆಲ್ಲ ಆಗುವ ಹೊತ್ತಿಗೆ ರೊಟ್ಟಿ ತಣ್ಣಗಾಗಿ ಒಣಗುತ್ತಿತ್ತು. ಆಮೇಲೆ ನಮ್ಮ ಮನೆಯ ಸರದಿ.

ನಾನು ಬಂದ ಮೂರನೆಯ ದಿನದ ಸಂಜೆ ನನ್ನ ಹೆಸರು ಮೊದಲ ಬಾರಿಗೆ ಬಂತು.

“ತಂದೀ, ಬೆಟಗೇರಿಯಿಂದ ಮಾರ್ತಾನ್ನ ತಂದೇವಿ. ಸಾಲಿ ಛಲೋ ಕಲತಾಳ. ಖರೆ, ರೊಟ್ಟಿ ತಟ್ಟಾಕ ಬರೂದಿಲ್ಲ. ನಡುವ ದಪ್ಪ, ಅಂಚಿಗಿ ಹರಕ. ಆಕಿ ಕೈಗಿ ನೀನ ಬುದ್ಧಿ ಕೊಡು.”

ಮುಚ್ಚಿದ ಕಣ್ಣೊಳಗೇ ನನಗೆ ಕತ್ತಲೆ ಬಂದಂತಾಯಿತು. ಮರುದಿನ ಮುಂಜಾನೆ ಒಂದೇ ಗೋಡೆ ಹಂಚಿಕೊಂಡಿದ್ದ ಪಕ್ಕದ ಮನೆಯ ಗಂಗವ್ವ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ, “ಯಾಕ ತಂಗಿ, ರೊಟ್ಟಿ ಹರಿತಾವಂತಲ್ಲ? ಬಾ, ಹಿಟ್ಟ ನಾದೂದು ತೋರಸ್ತೇನಿ” ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು, ಹದಿನೈದು ದಿನದಲ್ಲಿ ಕಲಿಸಿಯೂ ಕೊಟ್ಟಳು. ಆದರೆ ನನ್ನ ಹರಕು ರೊಟ್ಟಿಯ ಸುದ್ದಿ ಗೋಡೆ ದಾಟಿ ಓಣಿಗೆಲ್ಲ ಹೋಗಿತ್ತು.

ನಾನು ತವರಿಗೆ ಕಾಗದ ಬರೆಯುತ್ತ ಅತ್ತಿದ್ದು ದೇವರ ಕಿವಿಗೆ ಹೋಯಿತು. ಲಾಳಿಯ ಕಂಡಿಕೆ ಸುತ್ತುವಾಗ ನೂಲು ಸಿಕ್ಕಾಗಿದ್ದು ಹೋಯಿತು. ಮದುವೆಯಾಗಿ ಮೂರು ವರ್ಷವಾದರೂ ಬಸಿರು ನಿಲ್ಲದ್ದು ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಮಾವ ಮೆತ್ತನೆಯ ಮನುಷ್ಯ. ಹೆಂಡತಿ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಆ ಸಂದಿಯಲ್ಲಿ ‘ಆಮೆನ್’ ಎಂದು ಎದ್ದುಬಿಡುತ್ತಿದ್ದರು. ಹತ್ತರಲ್ಲಿ ನಾಲ್ಕು ಸಲ ಅದು ನಡೆಯುತ್ತಿತ್ತು.

ಗಂಡನಿಗೆ ಹೇಳಿಕೊಂಡೆ. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು, “ಅವ್ವ ನನಗ ಏನಾರ ಅಂದ್ರ ನಾ ತಿರುಗಿ ಅಂದೇನು. ಆಕಿ ದೇವರಿಗಿ ಅಂದಿದ್ದಕ್ಕ ನಾ ಏನ ಅನ್ನಲಿ?” ಎಂದರು.

ಆ ವರ್ಷವೇ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಒಬ್ಬ ಬಾಯಿಯವರು ಬೇಕಾಗಿದ್ದಾರೆಂದು, ಏಳನೆಯ ಇಯತ್ತೆ ಆದವರು ಯಾರಿದ್ದರೂ ಬರಲೆಂದು, ಪಾದ್ರಿಗಳು ಹೇಳಿ ಕಳಿಸಿದರು. ಗಂಡ ಒಪ್ಪಿದರು. ಮಾವ ಬೇಡವೆನ್ನಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಸಂಜೆ ಮೂವರು ರಾಜರೂ ಚಕ್ರವರ್ತಿಯೂ ಆದ ಮೇಲೆ, “ತಂದೀ, ಈ ಮನ್ಯಾಗಿನ ಹೆಣ್ಣ ಹೊಸ್ತಲಾ ದಾಟಾಕ ಹೊಂಟಾಳ. ಆಕಿ ಕಾಲ ಹಿಡದ ನಿಲ್ಲಸು” ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ. ಕಣ್ಣು ಮುಚ್ಚಿಕೊಂಡೇ ನಾನೂ ಗಟ್ಟಿಯಾಗಿ ಶುರು ಮಾಡಿದೆ. “ತಂದೀ, ನಮ್ಮ ಅತ್ತಿಯವರಿಗಿ ಸಮಾಧಾನ ಕೊಡು. ಸಾಲಿಗಿ ಹೋಗೂದು ಪಾಪ ಅಲ್ಲಂತ ಅವರಿಗಿ ತಿಳಿಸು.”

ಅತ್ತೆ ತಡೆಯಲಿಲ್ಲ. “ತಂದೀ, ಹಿರೇರ ಪ್ರಾರ್ಥನಾ ಮುಗಿಯೂ ಮೊದಲ ಬಾಯಿ ಹಾಕೂದು ಪಾಪಂತ ಈಕಿಗಿ ತಿಳಿಸು” ಎಂದರು. ನಾನು ಮತ್ತೊಂದು ಹೇಳಿದೆ. ಅವರು ಮತ್ತೊಂದು. ಮಾವನಿಗೆ ಆಮೆನ್ ಹೇಳಲು ಸಂದಿಯೇ ಸಿಗಲಿಲ್ಲ. ಗೋಡೆಯಾಚೆ ಗಂಗವ್ವನ ಮನೆಯಲ್ಲಿ ಮಗ್ಗದ ಲಾಳಿ ನಿಂತದ್ದು ನನಗೆ ಕೇಳಿಸಿತು. ಕಡೆಗೆ ಗಂಡನೇ ಎದ್ದು, “ಇಬ್ಬರೂ ಸೇರಿ ಆ ದೇವರಿಗಿ ತಲಿ ಚಿಟ್ಟ ಹಿಡಸಬ್ಯಾಡ್ರಿ” ಎಂದು ಹೊರಗೆ ನಡೆದರು. ಆ ಸಂಜೆ ಯಾರೂ ಸರಿಯಾಗಿ ಉಣ್ಣಲಿಲ್ಲ. ಶಾಲೆಯ ಕೆಲಸ ಬೇರೆಯವರ ಪಾಲಾಯಿತು.

ನಾಲ್ಕನೆಯ ವರ್ಷಕ್ಕೆ ನನ್ನ ಮಗಳು ಎಸ್ತೇರ ಹುಟ್ಟಿದಳು. ಅತ್ತೆ ಮೊಮ್ಮಗಳನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ. ನನ್ನ ಹೆಸರು ಪ್ರಾರ್ಥನೆಯಲ್ಲಿ ಸ್ವಲ್ಪ ಕಡಿಮೆಯಾಯಿತು. ಅವಳಿಗೆ ಮೂರು ತುಂಬಿದಾಗ ಗಂಟಲು ನೋವೆಂದು ಅತ್ತಳು. ಕಷಾಯ ಕುಡಿಸಿದೆವು, ಬಿಸಿ ಉಪ್ಪಿನ ಕಾವು ಕೊಟ್ಟೆವು. ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಕುತ್ತಿಗೆ ಬಾತು, ಉಸಿರು ಎಳೆದಾಗ ಸಿಳ್ಳು ಹೊಡೆದಂಥ ಸದ್ದು. ಗಂಗವ್ವ ಬಂದು ನೋಡಿದವಳೇ, “ಇದು ಗಂಟಲಮಾರಿ ಇದ್ದೀತು. ಈಗಿಂದೀಗ ಜಮಖಂಡಿ ದವಾಖಾನಿಗಿ ಒಯ್ಯಿರಿ. ನಮ್ಮ ಗಾಡಿ ಕೊಡಸ್ತೇನಿ” ಎಂದು ಎತ್ತು ಹೂಡಿಸಲು ಓಡಿದಳು.

ಅತ್ತೆ, “ಮದಲ ಪ್ರಾರ್ಥನಾ” ಎಂದರು.

ಮೊಣಕಾಲೂರಿದೆವು. ಜಮಖಂಡಿಯ ರಾಜಾಸಾಹೇಬರು ಬಂದರು. ಸಾಂಗಲಿಯವರು ಬಂದರು. ನನ್ನ ತೊಡೆಯ ಮೇಲೆ ಮಗು ಉಸಿರಿಗಾಗಿ ಎದೆ ಸೆಳೆಯುತ್ತಿತ್ತು. ಮುಧೋಳದವರ ಹೆಸರು ಬರುವಷ್ಟರಲ್ಲಿ ನಾನು ಎದ್ದೆ. ಆ ಮನೆಯಲ್ಲಿ ಪ್ರಾರ್ಥನೆಯ ನಡುವೆ ಅದುವರೆಗೆ ಯಾರೂ ಎದ್ದವರಿರಲಿಲ್ಲ. ಮಗುವನ್ನು ಎದೆಗವಚಿಕೊಂಡು ಹೊರಗೆ ಬಂದು ಗಾಡಿ ಹತ್ತಿದೆ. ಗಂಡ ಹಿಂದೆಯೇ ಬಂದು ಎತ್ತಿನ ಹಗ್ಗ ಹಿಡಿದರು. ಒಳಗೆ ಅತ್ತೆಯ ದನಿ ನಿಲ್ಲಲಿಲ್ಲ, ಮತ್ತಷ್ಟು ಏರಿತು.

ಗಾಡಿ ಊರು ಬಿಟ್ಟು ಸ್ವಲ್ಪ ದೂರ ಹೋಗಿತ್ತು. ಹಿಂದೆ ಕೂಗು ಕೇಳಿಸಿತು. ಅತ್ತೆ ಬರಿಗಾಲಲ್ಲಿ ಓಡಿ ಬರುತ್ತಿದ್ದರು, ಕೈಯಲ್ಲಿ ಮಗುವಿಗೆ ಹೊದಿಸುವ ಕೌದಿ. ಗಂಡ ಗಾಡಿ ನಿಲ್ಲಿಸಿದರು. ಹತ್ತಿ ಕೂತವರು ಏದುಸಿರಿನಲ್ಲೇ ಕೈ ಜೋಡಿಸಿ ಮತ್ತೆ ಶುರು ಮಾಡಿದರು. “ತಂದೀ, ಬಲಗಡಿ ಎತ್ತ ಕುಂಟತೈತಿ, ಅದರ ಕಾಲಿಗಿ ಬಲಾ ಕೊಡು. ಹಾದ್ಯಾಗ ಕಲ್ಲ ಭಾಳ ಅದಾವ...”

“ಸಾಕ ಮಾಡ್ರೀ!” ಎಂದು ಚೀರಿದೆ. “ನನ್ನ ಕೂಸು ಸಾಯಾಕತ್ತೈತಿ, ನೀವು ಎತ್ತಿನ ಕಾಲ ಹೇಳಾಕತ್ತೀರಿ. ಒಂದಿಷ್ಟು ಸುಮ್ನ ಕೂಡ್ರಿ!”

ಅವರು ಜೋಡಿಸಿದ ಕೈ ಬಿಟ್ಟು ಮಗುವಿಗೆ ಕೌದಿ ಹೊದಿಸಿದರು. ಆಮೇಲೆ ಅವರು ಎತ್ತಲೋ ನೋಡುತ್ತ, ನನಗೋ ತಮಗೋ ತಿಳಿಯದಂತೆ ಹೇಳಿದರು.

“ಸಾಮುವೇಲನ ಮುಂಚೆ ನನಗ ಮೂರ ಕೂಸ ಇದ್ದುವು. ಮದಲಿಂದಕ್ಕ ‘ನಿನ್ನ ಚಿತ್ತ ಆಗಲಿ’ ಅಂದೆ, ಹೋತು. ಎರಡನೇದಕ್ಕೂ ಹಂಗ ಅಂದೆ, ಹೋತು. ಮೂರನೇದಕ್ಕ ಅಳೂದ ಬಿಟ್ಟು ಏನೂ ಅನ್ನಾಕ ಆಗಲಿಲ್ಲ, ಅದೂ ಹೋತು. ಸಾಮುವೇಲ ಹುಟ್ಟಿದಾಗ ವಿಚಾರ ಮಾಡಿದೆ. ದೇವರಿಗಿ ನಮ್ಮ ಮನೀ ಸಂಗತಿ ಪೂರಾ ಗೊತ್ತಿಲ್ಲೇನೋ, ಯಾರೂ ಹೇಳಿಲ್ಲೇನೋ ಅಂತ. ಅಂದಿನಿಂದ ಹಾಲ ಕುಡದದ್ದು, ಕೆಮ್ಮಿದ್ದು, ಎಲ್ಲಾ ಹೇಳಕೋತ ಬಂದೆ. ಇಂವಾ ಉಳದ. ಈಗ ಬಿಡಾಕ ನನಗ ಧೈರ್ಯ ಸಾಲೂದಿಲ್ಲ.”

ಮುಂದೆ ಕೂತಿದ್ದ ಗಂಡ ತಿರುಗಿ ನೋಡಲಿಲ್ಲ. ಎತ್ತುಗಳನ್ನು ಇನ್ನಷ್ಟು ಜೋರಾಗಿ ಹೊಡೆದರು. ನನಗೆ ಅತ್ತೆಯ ಕೈ ಹಿಡಿದುಕೊಳ್ಳಬೇಕು ಅನಿಸಿತು, ಆದರೆ ಹಿಡಿಯಲಿಲ್ಲ. ಮಗುವಿನ ಬಾಯಿಯ ಹತ್ತಿರ ಕಿವಿಯಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆಯ ತುಟಿ ಮತ್ತೆ ಅಲುಗತೊಡಗಿತು. ಈ ಸಲ ನಾನು ಬೇಡವೆನ್ನಲಿಲ್ಲ.

ದವಾಖಾನೆಯ ಡಾಕ್ಟರು ಗಂಟಲು ನೋಡಿ ಸೂಜಿ ಚುಚ್ಚಿದರು. “ಇನ್ನ ಅರ್ಧಾ ದಿನಾ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ” ಎಂದರು. ಒಂಬತ್ತು ದಿನ ಅಲ್ಲೇ ಇದ್ದೆವು. ಅತ್ತೆ ಮಂಚದ ಕೆಳಗೆ ಮಲಗಿದರು, ಮೊಮ್ಮಗಳಿಗೆ ಚಮಚೆಯಲ್ಲಿ ಗಂಜಿ ಹಾಕಿದರು. ಎಸ್ತೇರ ಉಳಿದಳು.

ಮನೆಗೆ ಬಂದ ಸಂಜೆ ದೊಡ್ಡ ಪ್ರಾರ್ಥನೆ. ಗಂಗವ್ವನೂ ಬಂದು ಬಾಗಿಲಲ್ಲಿ ಕೂತಿದ್ದಳು. ಅತ್ತೆ ಅವಳಿಗಾಗಿ ಸ್ತೋತ್ರ ಹೇಳಿದರು, ಡಾಕ್ಟರಿಗಾಗಿ ಹೇಳಿದರು, ಎರಡೂ ಎತ್ತುಗಳಿಗಾಗಿ ಹೇಳಿದರು. ನಾನು ನನ್ನ ಸರದಿಗೆ ಕಾಯುತ್ತಿದ್ದೆ, ಕಾಯುತ್ತಿದ್ದೇನೆಂದು ನನಗೇ ನಾಚಿಕೆಯಾಗುತ್ತಿತ್ತು. ಬಂತು.

“ತಂದೀ, ಮಾರ್ತಾ ಪ್ರಾರ್ಥನಾದ ನಡುವ ಎದ್ದ ಹ್ವಾದಳು. ಆಕಿಗಿ ಕ್ಷಮಾ ಮಾಡು.”

ಅಷ್ಟೇ! ಆ ಸಿಟ್ಟನ್ನು ನಾನು ಇಂದಿಗೂ ಮರೆತಿಲ್ಲ. ನಾನು ಎದ್ದು ಹೋಗದಿದ್ದರೆ ಮಗು ಎಲ್ಲಿತ್ತು? ಗಾಡಿಯಲ್ಲಿ ಕೇಳಿದ ಮಾತಿನಿಂದ ಕರಗಿದ್ದ ನನ್ನ ಮನಸ್ಸು ಮತ್ತೆ ಕಲ್ಲಾಯಿತು. ಆಮೆನ್ ಹೇಳದೆ ಎದ್ದೆ.

ಮರುವರ್ಷ ಶಾಲೆಯಲ್ಲಿ ಮತ್ತೆ ಜಾಗ ಖಾಲಿಯಾಯಿತು. ಈ ಸಲ ನಾನು ಯಾರನ್ನೂ ಕೇಳಲಿಲ್ಲ, ಎಸ್ತೇರಳನ್ನು ಕರೆದುಕೊಂಡು ಹೋಗಿ ಅಲ್ಲೇ ಇರುತ್ತೇನೆ ಎಂದು ಹೇಳಿದೆ. ಆ ಸಂಜೆ ಅತ್ತೆ, “ಆಕಿ ಹೋಗೂದು ನಿನಗ ಸೇರದಿದ್ರ ಹಾದಿ ಮುಚ್ಚು ತಂದೀ. ಸೇರಿದ್ರ ನನ್ನ ಬಾಯಿ ಮುಚ್ಚು” ಎಂದು, ನಿಜವಾಗಿಯೂ ಅಲ್ಲಿಗೇ ನಿಲ್ಲಿಸಿದರು. ಬೆಳಗ್ಗೆ ಎದ್ದು ನೋಡಿದರೆ ನನಗೂ ಎಸ್ತೇರಳಿಗೂ ತಿಂಗಳಿಗಾಗುವಷ್ಟು ಜೋಳದ ಹಿಟ್ಟು ಬೀಸಿ ಚೀಲ ಕಟ್ಟಿಟ್ಟಿದ್ದರು.

ಎಂಟು ವರ್ಷ ಜಮಖಂಡಿಯಲ್ಲಿ ಕಲಿಸಿದೆ. ಶನಿವಾರ ಮೋಟಾರು ಹಿಡಿದು ಬನಹಟ್ಟಿಗೆ, ಸೋಮವಾರ ನಸುಕಿನಲ್ಲಿ ತಿರುಗಿ. ನನ್ನ ಬಾಡಿಗೆ ಕೋಣೆಯಲ್ಲಿ ಪ್ರಾರ್ಥನೆ ಎರಡು ನಿಮಿಷದ್ದು. ಬಿಸಿ ರೊಟ್ಟಿ ಉಣ್ಣುತ್ತಿದ್ದೆವು. ಆದರೆ ಎಸ್ತೇರಳಿಗೂ ನನಗೂ ಮನಸ್ತಾಪವಾದರೆ ಎರಡು ಮೂರು ದಿನ ಅದು ಹಾಗೇ ಉಳಿಯುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಬನಹಟ್ಟಿಯ ಮನೆಯಲ್ಲಿ ಯಾವ ಜಗಳವೂ ಒಂದು ಸಂಜೆ ದಾಟಿ ಗುಟ್ಟಾಗಿ ಉಳಿದದ್ದಿಲ್ಲ ಎಂಬುದು ಆಗ ಹೊಳೆಯಿತು. ಹೊಳೆದದ್ದಕ್ಕೂ ಬೇಸರವಾಯಿತು.

ಸಂಸ್ಥಾನಗಳು ವಿಲೀನವಾದ ವರ್ಷ ಅತ್ತೆ ಹಾಸಿಗೆ ಹಿಡಿದರು. “ರಾಜರೆಲ್ಲಾ ಹ್ವಾದರಂತ. ಇನ್ನ ಯಾರ ಹೆಸರ ಹೇಳ್ಲಿ?” ಎಂದು ಮಗನನ್ನು ಕೇಳುತ್ತಿದ್ದರಂತೆ. ಕಾಲು ಬಾತಿತ್ತು, ಉಸಿರು ಸಾಲುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಎಲ್ಲರೂ ಸುತ್ತ ಕೂತಾಗ, “ಮಾರ್ತಾ, ಇವತ್ತ ನೀ ಮಾಡು” ಎಂದರು.

ನಾನು ಶಾಲೆಯಲ್ಲಿ ಹೇಳಿಸುವ ಹಾಗೆ, “ಕೃಪಾಸಾಗರನಾದ ಪರಲೋಕದ ತಂದೆಯೇ” ಎಂದು ಆರಂಭಿಸಿದೆ.

“ಅದು ಸಾಲಿ ಮಾತು. ಇದ್ದದ್ದ ಹೇಳು” ಎಂದರು.

ಹೇಳಿದೆ. ಕಾಲು ಬಾತದ್ದು ಹೇಳಿದೆ, ಗಂಜಿ ಕುಡಿಯದೆ ಹಟ ಮಾಡುವುದನ್ನು ಹೇಳಿದೆ. ಹೇಳುತ್ತ ಹೇಳುತ್ತ ನಾಲಗೆ ಸಡಿಲಾಯಿತು. “ತಂದೀ, ಈ ಮನಿಗಿ ಬಂದ ಹದಿನಾರ ವರ್ಷಾತು. ಇವರು ನನ್ನ ತಪ್ಪೆಲ್ಲಾ ನಿನಗ ಹೇಳಿದ್ರು, ಓಣಿಗಿ ಕೇಳಸಿದ್ರು. ನನ್ನ ಮುಖಾ ನೋಡಿ ಒಂದ ದಿನಾ ಹೇಳಲಿಲ್ಲ. ಅದು ನನಗ ಮನಸಿಗಿ ಭಾಳ ಹತ್ತೇತಿ.”

ಮಾವ ಸಹ ಆಮೆನ್ ಅನ್ನಲಿಲ್ಲ. ನಾನು ಕಣ್ಣು ತೆರೆದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ನಿನ್ನ ಮುಂದ ಹೇಳಾಕ ನನಗ ಅಂಜಿಕಿ ಇತ್ತು” ಎಂದರು. “ನೀ ಕಲತಾಕಿ. ನೀ ತಿರುಗಿ ಒಂದ ಮಾತ ಕೇಳಿದ್ರ ನನಗ ಹೇಳಾಕ ಬರತಿರಲಿಲ್ಲ. ದೇವರಾದ್ರ ತಿರುಗಿ ಕೇಳೂದಿಲ್ಲ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸಣ್ಣ ಮಾತನ್ನು ಮೊದಲ ವರ್ಷವೇ ಹೇಳಬಾರದಿತ್ತೆ? ನಾನಾದರೂ ಕೇಳಬಾರದಿತ್ತೆ? ಅವರ ಕಾಲಿಗೆ ಕೌದಿ ಹೊದಿಸಿ ಎದ್ದು ಹೋದೆ. ಸೋಮವಾರ ನಸುಕಿನಲ್ಲಿ ನಾನು ಹೊರಟಾಗ ಅವರಿಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಮುಂದಿನ ಶನಿವಾರ ಹತ್ತಿರ ಕೂತು ಮಾತಾಡೋಣ, ಅಷ್ಟರಲ್ಲಿ ಏನು ಹೇಳಬೇಕೆಂಬುದು ಹೊಳೆದೀತು ಎಂದುಕೊಂಡೆ.

ಗುರುವಾರ ಮಧ್ಯಾಹ್ನ ನಾನು ವರ್ಗದಲ್ಲಿದ್ದಾಗ ಮೋಟಾರಿನವರ ಕೈಲಿ ಅತ್ತೆ ತೀರಿಕೊಂಡ ಸುದ್ದಿ ಬಂತು. ಎಸ್ತೇರಳನ್ನು ಕರೆದುಕೊಂಡು ಮುಂದಿನ ಮೋಟಾರಿಗೆ ಕಾದು ಹೋಗುವಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು. ಬಿಸಿಲು ಬಹಳ, ಇಡುವಂತಿರಲಿಲ್ಲ ಎಂದರು ಮಾವ. ಮಗಳ ಕೈ ಹಿಡಿದು ಗೋರಿಯ ಹತ್ತಿರಕ್ಕೆ ನಡೆದೆ. ಮಣ್ಣು ಇನ್ನೂ ಹಸಿಯಾಗಿತ್ತು. ಹೇಳಬೇಕೆಂದುಕೊಂಡ ಮಾತು ಆಗಲೂ ನನಗೆ ಹೊಳೆದಿರಲಿಲ್ಲ.