ರಬ್ಬರಿನ ಕೈ, ನನ್ನ ಕೈ

ನಮ್ಮ ಕಾಲೇಜಿನಲ್ಲಿ ರಬ್ಬರಿನದೊಂದು ಕೈ ಇತ್ತು. ಸೂಜಿ ಚುಚ್ಚಿ ರಕ್ತ ತೆಗೆಯುವುದನ್ನು ಕಲಿಸಲೆಂದೇ ತರಿಸಿದ್ದು. ಅದು ಸದಾ ಆಫೀಸಿನ ಗಾಜಿನ ಕಪಾಟಿನಲ್ಲೇ ಇರುತ್ತಿತ್ತು. ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರಿಗೆ ತೋರಿಸಬೇಕಲ್ಲ! "ಅದಕ್ಕೆ ಚುಚ್ಚಿದರೆ ತೂತು ಬೀಳ್ತದೆ. ಮತ್ತೆ ತೋರಿಸಲಿಕ್ಕೆ ಎಂತ ಉಂಟು?" ಎಂದರು ನಮ್ಮ ಸರ್. ನನ್ನ ಕೈಗೆ ತೂತು ಬಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆಯಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಮೆಡಿಕಲ್ ಅಸಿಸ್ಟೆಂಟ್ ಕೋರ್ಸು. ನಾನು ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮೊದಲ ವಾರವೇ ಸರ್ ನನ್ನ ತೋಳು ತಿರುಗಿಸಿ ನೋಡಿ, "ಓ, ಎಂಥ ನರ ಮಾರಾಯ್ತಿ! ಕಣ್ಣು ಮುಚ್ಚಿ ಚುಚ್ಚಬಹುದು" ಎಂದರು. ಹೊಗಳಿಕೆ ಎಂದುಕೊಂಡು ಬೀಗಿದೆ, ಪೆದ್ದಿ. ಅಂದಿನಿಂದ ಪ್ರಾಕ್ಟಿಕಲ್ ಎಂದರೆ ಕುರ್ಚಿಯಲ್ಲಿ ನಾನು, ಸೂಜಿ ಹಿಡಿದು ಉಳಿದವರು. ಪಳಗದ ಕೈಯಿಂದ ಅವರು ಚುಚ್ಚಿ ಚುಚ್ಚಿ ನನ್ನ ತೋಳು ನೀಲಿಗಟ್ಟಿತು. ಸಂಜೆ ಬಸ್ಸಿನ ಕಂಬಿ ಹಿಡಿದು ನಿಲ್ಲಲೂ ನೋವು. ಕಾರ್ಕಳದಲ್ಲಿ ನೆಂಟರ ಮದುವೆಗೆ ಆ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಹೋದೆ. ಅಮ್ಮನ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ.

"ನೀನು ಕಲಿಯಲಿಕ್ಕೆ ಹೋಗುವುದಾ, ಚುಚ್ಚಿಸಿಕೊಳ್ಳಲಿಕ್ಕೆ ಹೋಗುವುದಾ?" ಎಂದು ಬೈದಳು.

ನನಗೆ ಬೇಕಿದ್ದದ್ದು ಮಣಿಪಾಲದ ಯಾವುದಾದರೂ ಲ್ಯಾಬಿನಲ್ಲಿ ಕೆಲಸ. ಅಲ್ಲಿ ರಕ್ತ ತೆಗೆಯಲು ಬರುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳುತ್ತಾರೆ. ನನ್ನ ಸರದಿ ಯಾವಾಗ ಎಂದು ಕೇಳಿದಾಗಲೆಲ್ಲ ಸರ್, "ನಿನಗೂ ಮಾಡಿಸುವ, ಅವಸರ ಎಂತ?" ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. ಕೋರ್ಸು ಮುಗಿಯುತ್ತ ಬಂದರೂ ನಾನು ಒಬ್ಬರಿಗೂ ಚುಚ್ಚಿರಲಿಲ್ಲ.

ಕೊನೆಯ ದಿನ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಹೊಸ ಸಿರಿಂಜಿನ ಪ್ಯಾಕೆಟ್ ಒಡೆದು, ತೋಳಿಗೆ ಕಟ್ಟುವ ಪಟ್ಟಿ ಕೈಗೆತ್ತಿಕೊಂಡೆ.

"ಇವತ್ತು ನಾನು ತೆಗೆಯುವುದು. ಯಾರು ಕೂತುಕೊಳ್ತೀರಿ?"

ನನ್ನ ಮೇಲೆ ಕೈ ಪಳಗಿಸಿಕೊಂಡವರಲ್ಲಿ ಒಬ್ಬರೂ ಏಳಲಿಲ್ಲ. ಪರ್ಕಳದಲ್ಲಿ ರೂಮು ಮಾಡಿಕೊಂಡಿದ್ದ ಗೆಳತಿ, ನನ್ನ ಬುತ್ತಿಯ ಹುರಿದ ಬಂಗುಡೆಗೆ ದಿನಾ ಕೈ ಹಾಕುತ್ತಿದ್ದವಳು, ಮೊಬೈಲು ನೋಡತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಹಾಗಾದರೆ ಸರ್, ನೀವೇ ಬನ್ನಿ."

ಸರ್ ಅಂಗಿಯ ತೋಳು ಕೆಳಗೆಳೆದುಕೊಂಡರು. "ತಮಾಷೆಯಾ? ನಿನಗೆ ಚುಚ್ಚಲಿಕ್ಕೆ ಬರುವುದಿಲ್ಲ ಅಲ್ವಾ!"

ಎಲ್ಲರೆದುರು, ಒಂದಿಷ್ಟೂ ನಾಚಿಕೆಯಿಲ್ಲದೆ, ನಗುತ್ತ ಹೇಳಿದರು. ಈಗಲೂ ನೆನೆದರೆ ಹಲ್ಲು ಕಡಿಯುತ್ತೇನೆ.

ಅದೇ ಮಧ್ಯಾಹ್ನ ಅವರೇ ನನ್ನ ಸರ್ಟಿಫಿಕೇಟಿಗೆ ಸಹಿ ಹಾಕಿದರು. ರಕ್ತ ತೆಗೆಯುವುದರಲ್ಲಿ ಉತ್ತಮ ಎಂದು ಅದರಲ್ಲಿತ್ತು.

"ಇದನ್ನು ಹಿಡಿದುಕೊಂಡು ಪೇಷಂಟಿನ ಎದುರು ಹೇಗೆ ಕೂರಲಿ ಸರ್?"

"ಅಲ್ಲಿ ಹೋಗಿ ಅವರ ಮೇಲೆ ಕಲಿ" ಎಂದರು. "ಪೇಷಂಟಿಗೆ ಎಂತ ಗೊತ್ತಾಗ್ತದೆ?"